ತಲೆಯಾಡಿಸಿದ ಶನಿವಾರಗಳು

ಅವನಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಕೆಲಸದ ಜಾಗದಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ, ಎಲ್ಲರಿಗೂ ಅವನು ಆಯ್ತಪ್ಪ. ಯಾರು ಏನು ಹೇಳಿದರೂ ತಲೆಯಾಡಿಸಿ "ಆಯ್ತಪ್ಪ" ಅನ್ನುವುದು ಅವನ ಅಭ್ಯಾಸ. ಹಲಗೆ ಎತ್ತಿಕೊಡು ಅಂದರೂ ಆಯ್ತಪ್ಪ, ಗಂಟೆ ಎಷ್ಟು ಅಂದರೂ ಆಯ್ತಪ್ಪ. ಒಂದು ದಿನ ಟೈಲ್ಸ್ ಕೂರಿಸುವವನು ಬಂದು "ನಮ್ಮಪ್ಪ ತೀರ್ಕೊಂಡ್ರು, ನಾಳೆ ಬರಲ್ಲ" ಅಂದಾಗಲೂ ಇವನು ಹಲ್ಲು ಬಿಟ್ಟುಕೊಂಡು "ಆಯ್ತಪ್ಪ, ಆಯ್ತಪ್ಪ" ಅಂದುಬಿಟ್ಟಿದ್ದ. ಅವತ್ತಿನಿಂದ ಟೈಲ್ಸಿನವನು ಇವನನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಸೊಕ್ಕಿನವನು ಅಂದರು ಕೆಲವರು. ಹೆಂಡತಿ ಸತ್ತ ಮೇಲೆ ಮಂಕು ಹಿಡಿದಿದೆ, ಬಿಡಿ ಅಂದರು ಇನ್ನು ಕೆಲವರು. ಸೊಕ್ಕೂ ಅಲ್ಲ, ಮಂಕೂ ಅಲ್ಲ. ಅವನಿಗೆ ಕಿವಿ ಕೇಳುತ್ತಿರಲಿಲ್ಲ, ಅಷ್ಟೆ.

ಪೂರ್ತಿ ಕಲ್ಲು ಕಿವಿಯಲ್ಲ. ಎದುರಿಗೆ ನಿಂತು ಗಟ್ಟಿಯಾಗಿ ಮಾತಾಡಿದರೆ ತುಟಿ ನೋಡಿ ಅರ್ಧ, ಊಹೆ ಮಾಡಿ ಇನ್ನರ್ಧ ಹಿಡಿಯುತ್ತಿದ್ದ. ಬೆನ್ನು ತಿರುಗಿಸಿದರೆ ಮುಗಿಯಿತು. ಮೀಸೆ ಚಿಗುರುವ ಮೊದಲೇ ಕುಲುಮೆ ಸೇರಿ, ಕಬ್ಬಿಣದ ಮೇಲೆ ಕಬ್ಬಿಣ ಬೀಳುವುದನ್ನೇ ಕೇಳುತ್ತ ಬಂದ ಕಿವಿ ಎಷ್ಟು ದಿನ ಬಾಳೀತು? ಆದರೆ ಅದನ್ನು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಅವನ ಕೆಲಸ ಸಮ್ಮಟಿಗೆ ಹೊಡೆಯುವುದು. ಇಕ್ಕಳ ಹಿಡಿದವನ ಕೈ ಪಕ್ಕದಲ್ಲೇ ಬೀಳುವ ಏಟು ಅದು. ಕಿವುಡನ ಕೈಗೆ ಸಮ್ಮಟಿಗೆ ಕೊಡುವ ದಡ್ಡ ಯಾರೂ ಇಲ್ಲ.

ಇಕ್ಕಳ ಹಿಡಿಯುತ್ತಿದ್ದವನು ಅವನ ಭಾವ, ಹೆಂಡತಿಯ ಅಣ್ಣ. ಇಬ್ಬರೂ ಹರೆಯದಿಂದ ಒಂದೇ ಕುಲುಮೆಯಲ್ಲಿ ಬೆಂದವರು. ಭಾವ ತಂಗಿಯನ್ನು ಕೊಟ್ಟದ್ದೂ ಇವನ ಕೈಯ ಏಟು ನೋಡಿಯೇ. "ಮುಖ ನೋಡಿ ಕೊಟ್ಟಿದ್ರೆ ನನ್ನ ತಂಗಿ ಇವತ್ತಿಗೂ ನನ್ನ ಮನೇಲೇ ಇರ್ತಿದ್ಲು" ಎಂದು ಮದುವೆಯಾದ ಹೊಸದರಲ್ಲಿ ಎಲ್ಲರೆದುರು ರೇಗಿಸುತ್ತಿದ್ದ. ಆಗ ಭಾವನ ಮಾತು ಇವನಿಗೆ ಕೇಳಿಸುತ್ತಿತ್ತು.

ಈಗ ಇಬ್ಬರಿಗೂ ಸಿಕ್ಕಿದ್ದು ಹಳೆಯ ಈಜುಕೊಳದ ಕೆಲಸ. ಗಾಜಿನ ಮಾಡಿನ ದೊಡ್ಡ ಕಟ್ಟಡ, ನಡುವೆ ಉದ್ದನೆಯ ಕೊಳ, ಸುತ್ತಲೂ ಪಂದ್ಯ ನೋಡುವವರು ಕೂರಲು ಮೇಲ್ಗಡೆ ಗ್ಯಾಲರಿ. ಕಟ್ಟಿಸಿದವರ ಮೊಮ್ಮಕ್ಕಳೂ ಮುದುಕರಾಗಿರಬೇಕು, ಅಷ್ಟು ಹಳೆಯದು. ನೀರು ಖಾಲಿ ಮಾಡಿ, ಗೋಡೆ ಕೆರೆದು ಎಲ್ಲವನ್ನೂ ಮೊದಲಿದ್ದ ಹಾಗೇ ಮಾಡುತ್ತಿದ್ದರು. ಗ್ಯಾಲರಿಯ ಕಬ್ಬಿಣದ ರೇಲಿಂಗಂತೂ ತುಕ್ಕು ತಿಂದು ಹಪ್ಪಳದ ಹಾಗೆ ಮುರಿಯುತ್ತಿತ್ತು. ಅದೇ ನಮೂನೆಯ ಹೊಸ ರೇಲಿಂಗು ಬೇಕು, ಅದೇ ಬಳ್ಳಿ, ಅದೇ ಸುರುಳಿ. ಆದರೆ ಎಲ್ಲೂ ವೆಲ್ಡಿಂಗಿನ ಗುರುತು ಕಾಣಕೂಡದು ಎಂದು ಇಂಜಿನಿಯರಮ್ಮ ಪಟ್ಟು ಹಿಡಿದಿದ್ದಳು. ಆ ಕಾಲದಲ್ಲಿ ವೆಲ್ಡಿಂಗ್ ಎಲ್ಲಿತ್ತು? ಕೆಂಪಗೆ ಕಾಸಿದ ರಿವಿಟ್ಟು ಮೊಳೆಯನ್ನು ತೂತಿಗೆ ತೂರಿಸಿ, ಒಬ್ಬ ಹಿಂದಿನಿಂದ ಭಾರದ ಕಬ್ಬಿಣ ಒತ್ತಿಹಿಡಿದು, ಇನ್ನೊಬ್ಬ ಮುಂದಿನಿಂದ ಬಡಿದು ತಲೆ ಕೂರಿಸಬೇಕು. ಅದನ್ನು ಬಲ್ಲವರನ್ನು ಹುಡುಕುತ್ತ ಹೋದ ಕಂಟ್ರಾಕ್ಟರು ಕೊನೆಗೆ ಅಟ್ಟದಿಂದ ಹಳೇ ಪಾತ್ರೆ ಇಳಿಸಿದ ಹಾಗೆ ಇವರಿಬ್ಬರನ್ನೂ ಇಳಿಸಿ ತಂದಿದ್ದ.

ಕುಲುಮೆಯ ಕೆಲಸದಲ್ಲಿ ಮಾತಿಗೆ ಜಾಗವಿಲ್ಲ. ಇಕ್ಕಳದವನು ಚಿಕ್ಕ ಸುತ್ತಿಗೆಯಿಂದ ಎಲ್ಲಿ ತಟ್ಟುತ್ತಾನೋ ಸಮ್ಮಟಿಗೆಯವನು ಅಲ್ಲಿ ಹೊಡೆಯಬೇಕು. ಇಕ್ಕಳದವನು ಸುತ್ತಿಗೆಯನ್ನು ಪಕ್ಕಕ್ಕೆ ಸರಿಸಿ ಬರಿಯ ಕಬ್ಬಿಣದ ಮೇಲೆ 'ಟಿಣ್' ಅನ್ನಿಸಿದರೆ ನಿಲ್ಲಿಸು ಎಂದರ್ಥ. ಆ ಟಿಣ್ ಕೇಳಿದ ಮೇಲೆ ಎತ್ತಿದ ಸಮ್ಮಟಿಗೆಯೂ ಇಳಿಯಕೂಡದು. ಆಯ್ತಪ್ಪನಿಗೆ ಆ ಸದ್ದು ಕೇಳಿಸದೆ ಕಾಲವಾಗಿತ್ತು. ಅವನು ಭಾವನ ಮಣಿಕಟ್ಟನ್ನೇ ನೋಡುತ್ತಿದ್ದ. ಸುತ್ತಿಗೆ ಸರಿಸುವ ಮುಂಚೆ ಆ ಮಣಿಕಟ್ಟು ತುಸು ಹೊರಳುತ್ತಿತ್ತು. ಅಷ್ಟು ಸಾಕಿತ್ತು ಅವನಿಗೆ. ಹೆಂಡತಿ ಸತ್ತ ಮೇಲೆ ಅವನು ದಿನವಿಡೀ ಕಣ್ಣಿಟ್ಟು ನೋಡುತ್ತಿದ್ದ ಮನುಷ್ಯಜೀವ ಅಂದರೆ ಆ ಮಣಿಕಟ್ಟೊಂದೇ.

ಹೆಂಡತಿ ಇದ್ದಾಗ ಕಿವಿಯ ಚಿಂತೆ ಅವನಿಗಿರಲಿಲ್ಲ. ಅವನ ಕಿವಿ ಅವಳ ಹತ್ತಿರವಿತ್ತು ಅನ್ನಬಹುದು. ಯಾರಾದರೂ ಮನೆಗೆ ಬಂದು ಮಾತಾಡಿದರೆ ಅವಳು ಇವನ ಕಡೆ ತಿರುಗಿ, "ಕೇಳಿದ್ರಾ, ನಲ್ಲಿ ರಿಪೇರಿ ಮಾಡಿಸ್ಬೇಕಂತೆ" ಎಂದು ತನಗೇ ಆಶ್ಚರ್ಯವಾದವಳ ಹಾಗೆ ಮತ್ತೆ ಹೇಳುತ್ತಿದ್ದಳು. ಬಂದವರಿಗೆ ಅವಳು ಬಾಯಿಬಡುಕಿಯಾಗಿ ಕಂಡಳೇ ಹೊರತು ಇವನು ಕಿವುಡನಾಗಿ ಕಾಣಲಿಲ್ಲ. ಒಡಹುಟ್ಟಿದ ಅಣ್ಣನಿಗೂ ಅವಳು ಗುಟ್ಟು ಬಿಟ್ಟುಕೊಡಲಿಲ್ಲ. ಹೇಳಬೇಡ ಎಂದು ಇವನೇ ಕೈ ಹಿಡಿದು ಕೇಳಿಕೊಂಡಿದ್ದ.

ಅವಳು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ಹೊತ್ತಿಗೆ ಪಕ್ಕದಲ್ಲಿದ್ದವನು ಭಾವ. ಇವನು ಯಾರದೋ ಮನೆಯ ಗೇಟು ನಿಲ್ಲಿಸುತ್ತಿದ್ದ. ಸಂಜೆಗೆ ಮುಗಿಸಿ ಓಡಿ ಬಂದಾಗ ಹಾಸಿಗೆಯ ಮೇಲೆ ಬಿಳಿ ಬಟ್ಟೆ ಎಳೆದಾಗಿತ್ತು. ಭಾವ ಅವತ್ತು ಏನೂ ಮಾತಾಡಲಿಲ್ಲ. ಆಮೇಲೂ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ ಎಂದೇ ಆಯ್ತಪ್ಪ ತಿಳಿದಿದ್ದ. ತಂಗಿ ಸಾಯುವಾಗ ಗೇಟು ಮುಖ್ಯವಾಯಿತಲ್ಲ ಇವನಿಗೆ ಎಂಬ ಸಿಟ್ಟು; ಇರಲಿ, ಇರಬೇಕಾದ್ದೇ. ಭಾವನ ಮನೆಯಿಂದ ಬಾ ಎಂಬ ಕರೆಯೂ ಬರಲಿಲ್ಲ. ನಡುವೆ ಕೊಂಡಿಯಾಗಿದ್ದವಳೇ ಹೋದ ಮೇಲೆ ನಂಟೂ ಕಳಚಿತು ಎಂದುಕೊಂಡು ಅವನು ತನ್ನ ಒಂದು ಕೋಣೆಯ ಮನೆಯಲ್ಲಿ ಬೇಯಿಸಿಕೊಂಡು, ಕಿಟಕಿಯ ಹತ್ತಿರ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದ. ಎದುರು ಮನೆಯವರು ಬಟ್ಟೆ ಒಣಹಾಕುವುದು ಕಾಣುತ್ತಿತ್ತು. ಒಂದೊಂದು ದಿನ ಅನ್ನ ಮಿಕ್ಕುತ್ತಿತ್ತು. ಒಬ್ಬನಿಗೆ ಎಷ್ಟು ಅಕ್ಕಿ ಎಂಬ ಲೆಕ್ಕ ಅವನಿಗೆ ಕೊನೆಗೂ ಹತ್ತಲಿಲ್ಲ. ಪಾತ್ರೆ ತೊಳೆದಿಟ್ಟ ಮೇಲೆ ನಿದ್ದೆ ಬರುವವರೆಗಿನ ಹೊತ್ತು ಮಾತ್ರ ಬಲು ಉದ್ದ. ರೇಡಿಯೋ ಹಾಕಿದರೆ ಅದರ ದೀಪ ಉರಿಯುತ್ತಿತ್ತು, ಅಷ್ಟೆ.

ಭಾವನೋ ಮೊದಲೇ ಗೊಣಗುವ ಜಾತಿ. ಮಾತಾಡುವಾಗ ಮುಖ ಬೆಂಕಿಯ ಕಡೆಗೇ. ಅದರ ಮೇಲೆ ಮೇಲ್ದುಟಿಯನ್ನೂ ಕೆಳದುಟಿಯನ್ನೂ ಮುಚ್ಚುವಂಥ ಪೊದೆ ಮೀಸೆ. ತುಟಿ ಓದುವವನ ಪಾಲಿಗೆ ಅದು ಹಾಕಿದ ಬಾಗಿಲು. ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ ಭಾವ ಕೆಂಡದ ಮೇಲೆ ಬೂದಿ ಎಳೆಯುತ್ತಾ ಏನೋ ಅನ್ನುತ್ತಿದ್ದ. ಮೀಸೆಯ ತುದಿ ಅಲ್ಲಾಡುವುದು ಪಕ್ಕದಿಂದ ಕಾಣುತ್ತಿತ್ತು. ಸೋಮವಾರ ಬೇಗ ಬಾ ಅನ್ನುತ್ತಿರಬೇಕು ಎಂದು ಇವನ ಊಹೆ. ತಲೆಯಾಡಿಸಿ "ಆಯ್ತಪ್ಪ" ಅನ್ನುತ್ತಿದ್ದ. ಅಂದ ಮಾತಿಗೆ ತಪ್ಪಬಾರದೆಂದು ಸೋಮವಾರ ಎಲ್ಲರಿಗಿಂತ ಮುಂಚೆ ಬಂದು ಬಾಗಿಲ ಬಳಿ ಕೂತಿರುತ್ತಿದ್ದ. ಭಾವ ಬಂದವನು ಇವನ ಮುಖ ಕೂಡ ನೋಡದೆ ಒಳಗೆ ಹೋಗಿಬಿಡುತ್ತಿದ್ದ.

ಹೀಗೆ ಗ್ಯಾಲರಿಯ ಮೂರು ಮಗ್ಗುಲು ಮುಗಿದವು. ರೇಲಿಂಗು ಚೆಂದವಾಗಿ ಎದ್ದು ನಿಂತಿತು. ಇಂಜಿನಿಯರಮ್ಮ ಬಂದು ಕೈಯಾಡಿಸಿ ನೋಡಿ ಖುಷಿಪಟ್ಟಳು. ಉಳಿದದ್ದು ಮೆಟ್ಟಿಲ ಪಕ್ಕದ ಕೊನೆಯ ಅಂಕಣ. ಅಲ್ಲೊಂದು ಅಡ್ಡಿಯಾಯಿತು. ಗ್ಯಾಲರಿಯ ಕಲ್ಲಿನ ಮೆಟ್ಟಿಲುಗಳನ್ನು ಮಷೀನಿನಿಂದ ಉಜ್ಜುತ್ತಿದ್ದರು. ದೂಳು ಕೊಳಕ್ಕೆ ಇಳಿಯದ ಹಾಗೆ ರೇಲಿಂಗಿನ ಒಳಮೈಗೆ ಮೇಲಿನಿಂದ ಕೆಳಗೆ ಟಾರ್ಪಾಲು ಕಟ್ಟಿದ್ದರು. ಭಾವ ಟಾರ್ಪಾಲಿನ ಆಚೆ ಗ್ಯಾಲರಿಯಲ್ಲಿ, ಆಯ್ತಪ್ಪ ಈಚೆ ಕೊಳದ ಮೇಲೆ ಕಟ್ಟಿದ ಸಾರುವೆಯಲ್ಲಿ. ಟಾರ್ಪಾಲಿಗೆ ಕೊಯ್ದ ಸಣ್ಣ ತೂತಿನಿಂದ ಕೆಂಪು ರಿವಿಟ್ಟಿನ ಮೂತಿಯೊಂದು ಹೊರಗೆ ಇಣುಕುತ್ತಿತ್ತು. ಮಣಿಕಟ್ಟು ಕಾಣುತ್ತಿರಲಿಲ್ಲ.

ಟಾರ್ಪಾಲು ಬಿಚ್ಚಿ ಎಂದು ಅವನು ಹೇಳಬಹುದಿತ್ತು. ಯಾಕೆ ಎಂದು ಕೇಳಿದರೆ? ಆಯ್ತಪ್ಪ ಸಮ್ಮಟಿಗೆ ಎತ್ತಿದ. ರಿವಿಟ್ಟು ಎಷ್ಟು ಏಟಿಗೆ ಕೂರುತ್ತದೆ ಎಂಬುದು ಕೈಗೆ ಗೊತ್ತಿದ್ದ ವಿದ್ಯೆ. ಬಣ್ಣ ನೋಡಿ, ಚಪ್ಪಟೆಯಾಗುವುದನ್ನು ನೋಡಿ ತಾನಾಗಿಯೇ ನಿಲ್ಲಿಸುತ್ತ ಹೋದ. ಮೊದಲನೆಯದು ಕೂತಿತು, ಎರಡನೆಯದೂ ಕೂತಿತು. ಅವನಿಗೆ ಧೈರ್ಯ ಬಂತು. ಬರಬಾರದಿತ್ತು.

ಮುಂದಿನ ರಿವಿಟ್ಟಿಗೆ ಆಚೆಯಿಂದ ಒತ್ತಿಹಿಡಿದಿದ್ದ ಭಾರದ ಕಬ್ಬಿಣ ಜಾರಿತು. ಭಾವ ಟಿಣ್ ಅನ್ನಿಸಿದ. ಮತ್ತೆ ಅನ್ನಿಸಿದ. ಏಟು ನಿಲ್ಲಿಸಿರುತ್ತಾನೆ ಎಂಬ ನಂಬಿಕೆಯಿಂದ, ಕಬ್ಬಿಣವನ್ನು ನೇರ ಮಾಡಲು ಕೈಯಿಟ್ಟ. ಈಚೆ ಆಯ್ತಪ್ಪ ಮೈಯ ಬಲವೆಲ್ಲ ಹಾಕಿ ಇನ್ನೊಂದು ಏಟು ಬಿಟ್ಟ.

ಟಾರ್ಪಾಲು ಒಮ್ಮೆಲೇ ಕಿತ್ತುಬಂತು. ಭಾವ ಎಡಗೈಯ ಹೆಬ್ಬೆರಳನ್ನು ಬಲಗೈಯಲ್ಲಿ ಹಿಂಡಿ ಹಿಡಿದಿದ್ದ, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ರೇಲಿಂಗಿನ ಮೇಲೆ ಬಾಗಿ, ಮುಖಕ್ಕೆ ಮುಖ ತಂದು, ಬಾಯಿ ಪೂರ್ತಿ ತೆರೆದು ಕೂಗಿದ. ಖಾಲಿ ಕೊಳ, ಮೇಲೆ ಗಾಜಿನ ಮಾಡು. ಮಾತು ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಒಂದೊಂದು ಅಕ್ಷರವೂ ಆಯ್ತಪ್ಪನಿಗೆ ಕೇಳಿಸಿತು.

"ನಿಲ್ಸು ಅಂತ ಬಡಿದೆ, ಬಡಿದೆ! ಕೈ ಮುರೀಬೇಕು ಅಂತಲೇ ಹೊಡೆದ್ಯಾ? ನನ್ನ ಮೇಲೆ ನಿನಗೆ ಅಷ್ಟು ದ್ವೇಷ ಇದ್ರೆ ನೇರವಾಗಿ ಹೇಳು!"

"ದ್ವೇಷಾನಾ? ನನಗಾ?"

"ಇನ್ಯಾರಿಗೆ? ಶನಿವಾರ ಶನಿವಾರ ಕರೆದೆ ನಿನ್ನ. ಮನೆಗೆ ಬಾ, ಊಟಕ್ಕೆ ಬಾ ಅಂತ. ಆಯ್ತಪ್ಪ ಅಂತೀಯ, ತಲೆ ಆಡಿಸ್ತೀಯ, ಬರಲ್ಲ! ನನ್ನ ಹೆಂಡ್ತಿ ತಟ್ಟೆ ಹಾಕ್ಕೊಂಡು ಬಾಗಿಲು ನೋಡ್ತಾ ಕೂತಿರ್ತಾಳೆ. ಬರಲ್ಲ ಅಂತ ಒಂದು ಮಾತು ಹೇಳಿದ್ರೆ ಸಹಿಸ್ಕೋತಿದ್ದೆ. ಬರ್ತೀನಿ ಅಂತ ತಲೆ ಆಡಿಸಿ ಬರದೇ ಇದ್ರೆ ಏನಂತ ತಿಳ್ಕೊಳ್ಳಲಿ? ಸೋಮವಾರ ಏನೂ ಆಗೇ ಇಲ್ಲ ಅನ್ನೋ ಹಾಗೆ ಎಲ್ಲರಿಗಿಂತ ಮುಂಚೆ ಹಾಜರ್! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಕರೆದೂ ಕರೆದೂ ಸಾಕಾಯ್ತು. ನಿನ್ನ ಹತ್ರ ಮಾತಾಡೋದೇ ಬಿಟ್ಟೆ. ಅದಾದ್ರೂ ತಾಗುತ್ತೇನೋ ಅಂದ್ಕೊಂಡೆ. ಅದೂ ತಾಗಲಿಲ್ಲ ನಿನಗೆ!"

ಮೆಟ್ಟಿಲು ಉಜ್ಜುವ ಮಷೀನು ನಿಂತಿತ್ತು. ಕೆಳಗೆ ಕೊಳದಲ್ಲಿ ಟೈಲ್ಸಿನವನು ಕೆಲಸ ಬಿಟ್ಟು ಮೇಲೆ ನೋಡುತ್ತಿದ್ದ. ಭಾವನ ದನಿ ಮಾತ್ರ ಇಳಿಯಲಿಲ್ಲ.

"ನನ್ನ ತಂಗಿ ಕೊನೇಲಿ ಕೇಳಿದ್ದು ಒಂದೇ ಒಂದು. 'ಅವರೊಬ್ಬರೇ ಕೂತು ಉಣ್ಣೋ ಹಾಗೆ ಮಾಡಬೇಡ ಅಣ್ಣಾ' ಅಂತ. ಅದೊಂದನ್ನಾದ್ರೂ ನಡೆಸಿಕೊಡೋಕೆ ಬಿಡಲಿಲ್ಲವಲ್ಲೋ ನೀನು!"

ಆಯ್ತಪ್ಪ ಸಾರುವೆಯ ಕಂಬ ಹಿಡಿದುಕೊಂಡ. ಭಾವ ಕರೆಯುತ್ತಿದ್ದ ಶನಿವಾರಗಳಿದ್ದವು, ಭಾವ ಮಾತು ಬಿಟ್ಟ ಶನಿವಾರಗಳಿದ್ದವು. ಮೀಸೆ ಅಲ್ಲಾಡುವುದು ನಿಂತದ್ದು ಬಿಟ್ಟರೆ ಎರಡಕ್ಕೂ ನಡುವೆ ಇವನಿಗೆ ವ್ಯತ್ಯಾಸವೇ ತಿಳಿದಿರಲಿಲ್ಲ. ಅಲ್ಲೊಂದು ಮನೆಯಲ್ಲಿ ತಟ್ಟೆ ಹಾಕಿ ಕಾಯುತ್ತಿದ್ದಾಗ ಇಲ್ಲಿ ತಾನು ಕಿಟಕಿಯ ಹತ್ತಿರ ಕೂತು, ನನ್ನನ್ನು ಎಲ್ಲರೂ ಬಿಟ್ಟರು ಎಂದು ತುತ್ತು ನುಂಗುತ್ತಿದ್ದೆನಲ್ಲ! ಅವಳು ಸಾಯುವಾಗಲೂ ಇವನ ಊಟದ ಚಿಂತೆ ಮಾಡಿದಳು, ಇವನ ಗುಟ್ಟನ್ನು ಮಾತ್ರ ಆಗಲೂ ಬಿಡಲಿಲ್ಲ. ಹೇಳಬೇಡ ಅಂದದ್ದಕ್ಕೆ ಅಷ್ಟು ಕಟ್ಟುಬಿದ್ದಳು ಹುಚ್ಚಿ.

ಈಗಲೂ ತಪ್ಪಿಸಿಕೊಳ್ಳಲು ದಾರಿಯಿತ್ತು. ಕೈ ಜಾರಿತು ಭಾವ, ಮಷೀನಿನ ಸದ್ದಿತ್ತು ಅಂದರೆ ಸಾಕು. ಸಮ್ಮಟಿಗೆ ಕೈಯಲ್ಲಿ ಉಳಿಯುತ್ತಿತ್ತು. ಆದರೆ ಭಾವ ಸಾಯುವವರೆಗೂ ಇವನನ್ನು ತಂಗಿಯ ಮಾತು ತುಳಿದವನೆಂದೇ ತಿಳಿಯುತ್ತಿದ್ದ. ನಿಜ ಹೇಳಿದರೆ ಆ ತಪ್ಪು ತಿಳಿವಳಿಕೆ ಹೋಗುತ್ತದೆ, ಜೊತೆಗೆ ಸಮ್ಮಟಿಗೆಯೂ ಹೋಗುತ್ತದೆ. ಸಮ್ಮಟಿಗೆ ಹೋದರೆ ದಿನವಿಡೀ ಎದುರಿಗೆ ನಿಲ್ಲುವ ಒಬ್ಬ ಮನುಷ್ಯನೂ ಇಲ್ಲ.

"ನನಗೆ ಕಿವಿ ಕೇಳಲ್ಲ ಭಾವಾ" ಅಂದ.

ಎಷ್ಟು ಜೋರಾಗಿ ಅಂದನೋ ಅವನಿಗೇ ತಿಳಿಯಲಿಲ್ಲ. ಕೆಳಗೆ ನಿಂತವರೆಲ್ಲ ಕೇಳಿಸಿಕೊಂಡರು. ಟೈಲ್ಸಿನವನು ತಲೆಯ ಮೇಲೆ ಕೈಯಿಟ್ಟುಕೊಂಡ.

ಭಾವನ ಬಾಯಿ ತೆರೆದದ್ದು ಹಾಗೇ ಇತ್ತು. ನಿಧಾನವಾಗಿ ಮುಚ್ಚಿತು, ಮೀಸೆ ಇಳಿಯಿತು. ಮೀಸೆಯ ಹಿಂದೆ ಏನೋ ಅಂದ. ಆಯ್ತಪ್ಪನ ತಲೆ ಅಭ್ಯಾಸಬಲದಿಂದ ಅಲ್ಲಾಡಲು ಹೊರಟಿತು. ತಡೆದುಕೊಂಡ.

"ಕೇಳಿಸಲಿಲ್ಲ" ಅಂದ.

ಭಾವ ಕೂಗಿದ, "ಅವಳಿಗೆ ಗೊತ್ತಿತ್ತಾ ಅಂದೆ!"

"ಗೊತ್ತಿತ್ತು. ಯಾರಿಗೂ ಹೇಳಬೇಡ ಅಂತ ನಾನೇ ಬಾಯಿ ಕಟ್ಟಿದ್ದೆ."

ಭಾವ ಗ್ಯಾಲರಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಬೆರಳಿಗೆ ಯಾರೋ ಬಟ್ಟೆ ಸುತ್ತಿದರು, ಅವನು ಅದನ್ನೂ ಗಮನಿಸಲಿಲ್ಲ. ತಂಗಿ ತನ್ನಿಂದ ಒಂದು ಮಾತು ಮುಚ್ಚಿಟ್ಟು ಹೋದಳು ಎಂಬುದು ಬೆರಳಿಗಿಂತ ಹೆಚ್ಚು ನೋಯಿಸಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು, ರೇಲಿಂಗಿನ ಮೇಲಿಂದ ಕೈ ಚಾಚಿ ಆಯ್ತಪ್ಪನ ಸಮ್ಮಟಿಗೆಯನ್ನು ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ, ತೆಗೆದುಕೊಂಡ. ಆಯ್ತಪ್ಪ ಬಿಟ್ಟುಕೊಟ್ಟ.

ಮರುದಿನದಿಂದ ಕಂಟ್ರಾಕ್ಟರು ಕಳಿಸಿದ ಬೇರೊಬ್ಬ ಸಮ್ಮಟಿಗೆ ಹಿಡಿದ. ಭಾವ ಬಟ್ಟೆ ಸುತ್ತಿದ ಹೆಬ್ಬೆರಳಲ್ಲೇ ಒತ್ತಿಹಿಡಿದು ಕೊನೆಯ ಅಂಕಣ ಮುಗಿಸಿದ. ಆಯ್ತಪ್ಪನಿಗೆ ಬಣ್ಣದ ಕೆಲಸ ಕೊಟ್ಟರು. ಗ್ಯಾಲರಿಯ ಆ ತುದಿಯಿಂದ ಒಬ್ಬನೇ ಬ್ರಷ್ಷು ಹಿಡಿದು ಬಂದ. ಬಳ್ಳಿಗೊಂದು ಸಲ, ಸುರುಳಿಗೊಂದು ಸಲ, ರಿವಿಟ್ಟಿನ ತಲೆಗೊಂದು ಸಲ. ಎದುರಿಗೆ ಯಾರೂ ಇರಲಿಲ್ಲ, ನೋಡಲು ಮಣಿಕಟ್ಟೂ ಇರಲಿಲ್ಲ. ಹೇಳಿದ್ದು ಸರಿಯಾಯಿತೋ ತಪ್ಪಾಯಿತೋ ಎಂದು ಬ್ರಷ್ಷು ಅದ್ದಿದಾಗಲೆಲ್ಲ ಯೋಚಿಸಿದ. ಭಾವ ಆ ಕಡೆಯಿಂದ ಈ ಕಡೆ ತಿರುಗಲಿಲ್ಲ. ಸತ್ಯ ಹೇಳಿದವನಿಗೆ ಹಗುರಾಗುತ್ತದೆ ಅನ್ನುತ್ತಾರೆ. ಅನ್ನುವವರು ಯಾವತ್ತಾದರೂ ಸತ್ಯ ಹೇಳಿ ನೋಡಿದ್ದಾರೋ ಇಲ್ಲವೋ.

ಶನಿವಾರ ಬಂತು. ಆಯ್ತಪ್ಪ ಡಬ್ಬದ ಮುಚ್ಚಳ ಹಾಕುತ್ತಿದ್ದಾಗ ಭುಜದ ಮೇಲೆ ಕೈ ಬಿತ್ತು. ತಿರುಗಿದರೆ ಭಾವ. ಇವನ ಎದುರಿಗೆ ನೆಟ್ಟಗೆ ನಿಂತು, ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಮೀಸೆಯನ್ನು ಮೇಲಕ್ಕೆತ್ತಿ ಹಿಡಿದ. ಆ ತುಟಿಗಳನ್ನು ಆಯ್ತಪ್ಪ ನೋಡಿ ಎಷ್ಟೋ ಕಾಲವಾಗಿತ್ತು. ಹೆಂಡತಿಯ ತುಟಿಗಳ ಹಾಗೇ ಇದ್ದವು.

"ಮನೆಗೆ ಬಾ" ಅಂದವು ತುಟಿಗಳು. "ಊಟಕ್ಕೆ."

ಭಾವನ ಹೆಂಡತಿ ಮನೆಯ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಎಲ್ಲ ತಿಳಿದಿತ್ತು. ಮಾತಾಡಲು ಬಾಯಿ ತೆರೆದಳು, ಕೂಗಬೇಕೋ ಬೇಡವೋ ತೋಚದೆ ಕಣ್ಣೀರು ಒರೆಸಿಕೊಂಡು ಒಳಗೆ ಹೋದಳು. ಮಗಳೂ ಅಳಿಯನೂ ಬಂದಿದ್ದರು. ಎಲ್ಲರೂ ಸುತ್ತ ಕೂತರು. ಮೊದಮೊದಲು ಎಲ್ಲರೂ ಇವನ ಕಡೆ ನೋಡಿ, ಬಾಯಿ ಅಗಲಿಸಿ, ಮಗುವಿಗೆ ಹೇಳುವ ಹಾಗೆ "ಇ-ನ್ನೂ ಹಾ-ಕ್ಲಾ?" ಅಂದರು. ಎರಡು ತುತ್ತಿನ ಮೇಲೆ ಮರೆತರು. ಮಾತು ಅವರವರಲ್ಲೇ ಓಡತೊಡಗಿತು. ಆಯ್ತಪ್ಪ ಒಬ್ಬರ ತುಟಿ ಹಿಡಿಯುವಷ್ಟರಲ್ಲಿ ಇನ್ನೊಬ್ಬರು ಶುರು ಮಾಡುತ್ತಿದ್ದರು. ಕಿಟಕಿಯ ಹತ್ತಿರ ಒಬ್ಬನೇ ಕೂತು ಉಣ್ಣುವಾಗ ಇಷ್ಟು ಒಂಟಿ ಅನ್ನಿಸಿರಲಿಲ್ಲ ಅವನಿಗೆ.

ಭಾವ ತಟ್ಟೆ ನೋಡುತ್ತಾ ಏನೋ ಹೇಳಿದ. ಎಲ್ಲರೂ ಘೊಳ್ಳೆಂದರು. ಅಳಿಯನಿಗೆ ಅನ್ನ ನೆತ್ತಿಗೆ ಹತ್ತಿತು. ಆಯ್ತಪ್ಪನ ಮುಖ ತಾನಾಗಿಯೇ ನಗಲು ಸಿದ್ಧವಾಯಿತು, ತಲೆ ಆಡಲು ಸಿದ್ಧವಾಯಿತು. ಅವನು ಕೈಯ ತುತ್ತನ್ನು ತಟ್ಟೆಗೆ ಇಳಿಸಿದ.

"ನನಗೆ ಕೇಳಿಸಲಿಲ್ಲ. ಏನಂದ್ರಿ?"

ನಗು ನಿಂತಿತು. ಒಮ್ಮೆ ನಕ್ಕಾದ ಮಾತನ್ನು ಮತ್ತೆ ಹೇಳುವುದೆಂದರೆ ತಣ್ಣಗಾದ ಕಬ್ಬಿಣ ಬಡಿದ ಹಾಗೆ. ಆದರೂ ಭಾವ ತಟ್ಟೆ ಹಿಡಿದು ಎದ್ದ, ಸುತ್ತಿ ಬಂದು ಇವನ ಎದುರಿಗೇ ಕೂತ, ಮೀಸೆ ಎತ್ತಿದ.

"ನಿನ್ನ ಹೆಂಡ್ತಿ ಚಿಕ್ಕೋಳಿದ್ದಾಗ ಆ ಕೊಳಕ್ಕೇ ಈಜು ಪಂದ್ಯ ನೋಡೋಕೆ ಕರ್ಕೊಂಡು ಹೋಗಿದ್ದೆ. ಚೆನ್ನಾಗಿ ಕಾಣಬೇಕು ಅಂತ ಗ್ಯಾಲರಿ ಕಂಬಿ ಮಧ್ಯೆ ತಲೆ ತೂರಿಸಿದಳು. ಹೋಗೋದು ಹೋಯ್ತು, ವಾಪಸ್ ಬರಲಿಲ್ಲ. ಕಿವಿ ಸಿಕ್ಕಿಹಾಕ್ಕೊಳ್ತು! ಸೀಟಿ ಹೊಡಿಯೋನು ಬಂದ, ಡಾಕ್ಟರ್ ಬಂದ್ರು, ಕೊನೆಗೆ ಯಾರೋ ಎಣ್ಣೆ ತಂದ್ರು. ಎರಡು ಕಿವಿಗೂ ಎಣ್ಣೆ ಬಳಿದು ಎಳೆದ್ವಿ. ಅಳ್ತಾಳೆ ಅಂತ ನಾನು ನೋಡ್ತಿದ್ರೆ, ತಲೆ ಆಚೆ ಬಂದಿದ್ದೇ 'ಯಾರು ಗೆದ್ರು?' ಅಂದಳು. ಯಾರಿಗೂ ಗೊತ್ತಿಲ್ಲ! ಗ್ಯಾಲರಿಗೆ ಗ್ಯಾಲರಿಯೇ ಇವಳನ್ನ ನೋಡ್ತಿತ್ತು!"

"ನನಗೆ ಅವಳು ಹೇಳೇ ಇರಲಿಲ್ಲ."

"ನಾಚ್ಕೆ ಅವಳಿಗೆ. ನಾನು ಹೇಳಿದ್ದೆನಲ್ಲೋ, ಅಲ್ಲಿ ಕೆಲಸಕ್ಕೆ ಹೋದ ಮೊದಲನೇ ದಿನವೇ. ನೀನು ಆಯ್ತಪ್ಪ ಅಂದೆ."

ಹೆಂಡತಿ ಹೋದ ಮೇಲೆ ಅವಳಿಂದ ಬಂದ ಹೊಸ ಸುದ್ದಿ ಇದೊಂದೇ. ಆಯ್ತಪ್ಪನಿಗೆ ಅವಳ ಎಣ್ಣೆ ಮೆತ್ತಿದ ಎರಡು ಕಿವಿ ಕಣ್ಣಿಗೆ ಕಟ್ಟಿದವು. ಹೊಟ್ಟೆಯೊಳಗಿಂದ ನಗು ಉಕ್ಕಿತು. ಅಷ್ಟರಲ್ಲಿ ಉಳಿದವರೆಲ್ಲ ನಕ್ಕು ಮುಗಿಸಿ ಮತ್ತೆ ತಟ್ಟೆಗೆ ಕೈ ಹಾಕಿದ್ದರು. ಅವನೊಬ್ಬನೇ ನಗುತ್ತಾ ಕೂತ, ಕೋಣೆ ತುಂಬುವಷ್ಟು ಜೋರಾಗಿ, ಕಣ್ಣಲ್ಲಿ ನೀರು ಸುರಿಯುವವರೆಗೆ. ಅವನ ನಗು ಮುಗಿಯುವವರೆಗೂ ಆ ಮನೆಯಲ್ಲಿ ಯಾರೂ ಮಾತಾಡಲಿಲ್ಲ.